ಬಣ್ಣಕ್ಕೆ ಮೊದಲು ಬಟ್ಟೆಯ ಹದ: ಓದುಗರ ಪ್ರಶ್ನೆಗಳಿಗೆ ಉತ್ತರ

ಹತ್ತಿ ಬಟ್ಟೆಯನ್ನು ಬಣ್ಣಕ್ಕೆ ಅಣಿಗೊಳಿಸುವುದು, ಬಿಳುಪು ಮಾಡುವುದು, ಅದಕ್ಕೆ ಹೊಸ ಗುಣ ತುಂಬುವುದು: ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇವನ್ನೇ ಕುರಿತವು. ಬೇರೆ ಹೇಳದ ಕಡೆಯಲ್ಲೆಲ್ಲ ಅಳತೆಗಳು 1 ಕೆ.ಜಿ. ಒಣ ಬಟ್ಟೆಗೆ, 20 ಲೀಟರ್ ನೀರಿಗೆ ಎಂದು ತಿಳಿಯಿರಿ. ಬಟ್ಟೆ ಪಾತ್ರೆಯಲ್ಲಿ ಸಡಿಲವಾಗಿ ತೇಲಾಡಲು ಅಷ್ಟು ನೀರು ಬೇಕೇ ಬೇಕು.

ಪ್ರಶ್ನೆ: ಮಗ್ಗದವರಿಂದ ಕೋರಾ (ಒಗೆಯದ, ಬಿಳುಪು ಮಾಡದ) ಬಟ್ಟೆ ತಂದು, ರಿಯಾಕ್ಟಿವ್ ಬಣ್ಣ (ಎಳೆಯೊಡನೆ ರಾಸಾಯನಿಕವಾಗಿ ಬೆಸೆಯುವ ಬಣ್ಣ) ಹಾಕಿ ದುಪಟ್ಟಾ ಮಾಡುತ್ತೇವೆ. ಒಂದೇ ಥಾನು, ಒಂದೇ ಬಣ್ಣ. ಆದರೂ ಒಂದು ಕಡೆ ಗಾಢ, ಇನ್ನೊಂದು ಕಡೆ ತಿಳಿ, ನಡುನಡುವೆ ಎಣ್ಣೆ ಚೆಲ್ಲಿದಂತೆ ಮಚ್ಚೆ. ಬಣ್ಣ ಹಾಕುವ ಮೊದಲು ಸೋಪಿನ ಪುಡಿಯಲ್ಲಿ ಒಗೆದೇ ಇರುತ್ತೇವೆ. ತಪ್ಪು ಎಲ್ಲಿ?
(ಸ್ವಸಹಾಯ ಗುಂಪಿನ ಸದಸ್ಯೆ, ಗದಗ)

ಉತ್ತರ: ಬಣ್ಣದ ಪಾತ್ರೆಗೆ ಇಳಿಯುವ ಮೊದಲೇ ತಪ್ಪು ಆಗಿಹೋಗಿದೆ. ಕೋರಾ ಬಟ್ಟೆಯಲ್ಲಿ ನೀರಿಗೆ ಎರಡು ಅಡ್ಡಿಗಳಿರುತ್ತವೆ. ಒಂದು, ಮಗ್ಗಕ್ಕೆ ಏರಿಸುವ ಮುನ್ನ ಹಾಸಿನ ನೂಲಿಗೆ ಬಳಿದ ಗಂಜಿ. ಇನ್ನೊಂದು ಹತ್ತಿಯ ಜೊತೆಗೇ ಹುಟ್ಟಿಬಂದ ಮೇಣ ಮತ್ತು ಪೆಕ್ಟಿನ್ ಎಂಬ ಅಂಟು. ಕಚ್ಚಾ ಹತ್ತಿಯ ತೂಕದಲ್ಲಿ ಎಳೆಯ ಮೂಲವಸ್ತುವಾದ ಸೆಲ್ಯುಲೋಸ್ ಶೇ 88ರಿಂದ 96ರಷ್ಟು. ಉಳಿದದ್ದು ಮೇಣ, ಪೆಕ್ಟಿನ್, ಪ್ರೋಟೀನ್, ಖನಿಜಗಳ ಪಾಲು. ಮೇಣ ಶೇ 1ರ ಆಸುಪಾಸಿನಲ್ಲಷ್ಟೇ ಇದ್ದರೂ ಎಳೆಯ ಹೊರಮೈಯಲ್ಲೇ ಕೂತಿರುವುದರಿಂದ ನೀರನ್ನು ಒಳಗೆ ಬಿಡುವುದಿಲ್ಲ. ಸೋಪಿನ ಪುಡಿಯಲ್ಲಿ ಒಗೆದರೆ ಧೂಳು ಹೋಗುತ್ತದೆ, ಗಂಜಿ ಮೇಣಗಳು ಅರೆಬರೆ ಹೋಗುತ್ತವೆ. ಅರೆಬರೆ ಹೋದ ಜಾಗವೇ ನಿಮ್ಮ ಮಚ್ಚೆ.

ಮೊದಲು ಗಂಜಿ ತೆಗೆಯಿರಿ. ಜವಳಿ ರಾಸಾಯನಿಕ ಮಾರುವ ಅಂಗಡಿಗಳಲ್ಲಿ ಅಮೈಲೇಸ್ ಕಿಣ್ವ ಸಿಗುತ್ತದೆ. ಮೊಳಕೆ ರಾಗಿಯ ಮಾಲ್ಟ್ ಹಾಕಿದ ಅಂಬಲಿ ತೆಳ್ಳಗಾಗುವುದೂ ಇದೇ ಜಾತಿಯ ಕಿಣ್ವದಿಂದ. ಗಂಜಿಯ ಉದ್ದನೆಯ ಸರಪಳಿಯನ್ನು ಕತ್ತರಿಸಿ ನೀರಿನಲ್ಲಿ ಕರಗುವಂತೆ ಮಾಡುವುದು ಅದರ ಕೆಲಸ. ಒಂದೊಂದು ತಯಾರಿಕೆಯ ಕಿಣ್ವದ ಬಲ ಒಂದೊಂದು ಥರ ಇರುವುದರಿಂದ ಪ್ರಮಾಣಕ್ಕೆ ಡಬ್ಬಿಯ ಮೇಲಿನ ಅಳತೆಯನ್ನೇ ನಂಬಿ. ನೀರು 60 ಡಿಗ್ರಿ ಸೆಲ್ಸಿಯಸ್, ಪಿಎಚ್ (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) 6ರಿಂದ 7, ಅವಧಿ ಒಂದು ಗಂಟೆ. ಇಲ್ಲಿ ಸೋಪಿನ ಪುಡಿ ಬೆರೆಸಬೇಡಿ, ಅದರ ಕ್ಷಾರಕ್ಕೆ ಕಿಣ್ವ ಸೋಲುತ್ತದೆ. ಬೇಗ ಆಗಲೆಂದು ನೀರು ಕುದಿಸಿದರೆ ಸಾಮಾನ್ಯ ಕಿಣ್ವ ಸತ್ತೇ ಹೋಗುತ್ತದೆ. ಕಿಣ್ವ ಸಿಗದ ಊರಿನಲ್ಲಿ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ಮುಳುಗಿಸಿ 18ರಿಂದ 24 ಗಂಟೆ ನೆನೆಹಾಕುವ ಹಳೆಯ ಪದ್ಧತಿಯೂ ಆದೀತು. ನೀರಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳೇ ಗಂಜಿಯನ್ನು ತಿನ್ನುತ್ತವೆ. ಅವಧಿ ಮೀರಿದರೆ ಬೂಷ್ಟು ಹಿಡಿದು ಬಟ್ಟೆಯ ಎಳೆಯೇ ಕೆಡುತ್ತದೆ.

ಗಂಜಿ ಹೋಯಿತೇ ಎಂದು ನೋಡಲು ಮೆಡಿಕಲ್ ಅಂಗಡಿಯ ಟಿಂಚರ್ ಅಯೋಡಿನ್ ಸಾಕು. ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ, ಥಾನಿನ ಎರಡು ಅಂಚು ಮತ್ತು ನಡುವೆ ಒಂದೊಂದು ಹನಿ ಬಿಡಿ. ನೀಲಿ ಅಥವಾ ನೇರಳೆಗೆ ತಿರುಗಿದರೆ ಗಂಜಿ ಉಳಿದಿದೆ. ತಿಳಿ ಹಳದಿಯಾಗಿಯೇ ನಿಂತರೆ ಮುಂದಕ್ಕೆ ಹೋಗಬಹುದು. ಬಟ್ಟೆ ಬಿಸಿಯಿದ್ದಾಗ ಹನಿ ಬಿಡಬೇಡಿ, ಗಂಜಿ ಇದ್ದರೂ ನೀಲಿ ಕಾಣುವುದಿಲ್ಲ. ಕ್ಷಾರ ಉಳಿದ ಬಟ್ಟೆಯ ಮೇಲೂ ಬೇಡ, ಅಯೋಡಿನ್ನಿನ ಬಣ್ಣವೇ ಹಾರಿಹೋಗಿ ಬಟ್ಟೆ ಶುದ್ಧವಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಈ ಎರಡು ಕಡೆ ಮೋಸಹೋಗುವವರು ಬಹಳ.

ಆಮೇಲೆ ಕ್ಷಾರದಲ್ಲಿ ಬೇಯಿಸುವುದು. ಸ್ಟೀಲ್ ಪಾತ್ರೆಯಲ್ಲಿ 20 ಲೀಟರ್ ನೀರಿಗೆ ಕಾಸ್ಟಿಕ್ ಸೋಡಾ 30 ಗ್ರಾಂ, ಸೋಡಾ ಆ್ಯಶ್ 40 ಗ್ರಾಂ, ದ್ರವ ಡಿಟರ್ಜೆಂಟ್ 20 ಮಿ.ಲೀ. ಕಾಸ್ಟಿಕ್ ಮುಟ್ಟಲು ಭಯವಿದ್ದರೆ ಅದನ್ನು ಬಿಟ್ಟು ಸೋಡಾ ಆ್ಯಶನ್ನೇ 100 ಗ್ರಾಂ ಹಾಕಿ. ತೆಳುವಾದ ಬಟ್ಟೆಗೆ ಅಷ್ಟು ಸಾಕಾಗುತ್ತದೆ. ಕಿರಾಣಿ ಅಂಗಡಿಯ ಹರಳು ವಾಷಿಂಗ್ ಸೋಡಾದ ತೂಕದಲ್ಲಿ ಮೂರರಲ್ಲಿ ಎರಡು ಪಾಲಿಗೆ ಹತ್ತಿರ ನೀರೇ ಇರುತ್ತದೆ. 100 ಗ್ರಾಂ ಸೋಡಾ ಆ್ಯಶ್‌ಗೆ ಬದಲು ಅದನ್ನು 270 ಗ್ರಾಂ ಹಾಕಬೇಕು. ಎರಡು ಗಂಟೆ ಕುದಿಸಿ. ಬಟ್ಟೆ ಎಲ್ಲೂ ನೀರಿನಿಂದ ಮೇಲೆ ಏಳಕೂಡದು. ಬಿಸಿ ಕಾಸ್ಟಿಕ್ ಹೀರಿದ ಬಟ್ಟೆಗೆ ಗಾಳಿ ತಾಗಿದರೆ ಆ ಭಾಗದ ಸೆಲ್ಯುಲೋಸ್ ಉತ್ಕರ್ಷಣಗೊಂಡು ಬಲ ಕಳೆದುಕೊಳ್ಳುತ್ತದೆ. ಮೇಲೆ ಸ್ಟೀಲ್ ತಟ್ಟೆ ಮುಚ್ಚಿ, ಭಾರ ಇಡಿ. ಅಲ್ಯುಮಿನಿಯಂ ಪಾತ್ರೆ ಖಂಡಿತ ಬೇಡ. ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ.

ನೀರು ಚಹಾದ ಬಣ್ಣಕ್ಕೆ ತಿರುಗಿದ್ದನ್ನು ನೋಡುತ್ತೀರಿ. ಅದನ್ನು ಚೆಲ್ಲಿದ ಕೂಡಲೇ ತಣ್ಣೀರು ಸುರಿದರೆ, ಬಿಸಿಯಲ್ಲಿ ಕರಗಿ ತೇಲುತ್ತಿದ್ದ ಮೇಣ ಮತ್ತೆ ಬಟ್ಟೆಗೇ ಮೆತ್ತಿಕೊಳ್ಳುತ್ತದೆ. ಮೊದಲ ಜಾಲಿಕೆ 80 ಡಿಗ್ರಿಯ ಬಿಸಿನೀರಿನಲ್ಲೇ ಆಗಬೇಕು, ಎರಡನೆಯದೂ ಬಿಸಿ, ಆಮೇಲೆ ತಣ್ಣೀರು. ಕೊನೆಗೆ 10 ಲೀಟರ್ ನೀರಿಗೆ 200 ಮಿ.ಲೀ. ವಿನೆಗರ್ ಬೆರೆಸಿ ಹತ್ತು ನಿಮಿಷ ಅದ್ದಿ, ಇನ್ನೊಮ್ಮೆ ಜಾಲಿಸಿ. ಈ ಹುಳಿ ನೀರನ್ನು ಬಿಡಬೇಡಿ. ರಿಯಾಕ್ಟಿವ್ ಬಣ್ಣ ಬಟ್ಟೆಗೆ ಅಂಟುವುದೇ ಕ್ಷಾರದಲ್ಲಿ. ಮಡಿಕೆಗಳಲ್ಲಿ ಕ್ಷಾರ ಉಳಿದಿದ್ದರೆ ಬಣ್ಣ ಅಲ್ಲಿಗೆ ಮೊದಲು ಕಚ್ಚಿ, ಗಾಢ ಪಟ್ಟೆ ಮೂಡುತ್ತದೆ.

ಒಣಗಿದ ಬಟ್ಟೆಯನ್ನು ಬಿಗಿಯಾಗಿ ಹಿಡಿದು ಒಂದು ಸೆಂ.ಮೀ. ಎತ್ತರದಿಂದ ಒಂದು ಹನಿ ನೀರು ಬಿಡಿ. ಹನಿಯ ಹೊಳಪು ಮಾಯವಾಗಲು ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸಿ. ಮೂರು ಸೆಕೆಂಡಿನೊಳಗೆ ಹೀರಿದರೆ ಚೆನ್ನಾಗಿ ಬೆಂದಿದೆ. ಐದು ದಾಟಿದರೆ ಮತ್ತೊಮ್ಮೆ ಬೇಯಿಸಬೇಕು. ಒಂದು ಕಡೆ ಒಂದು ಸೆಕೆಂಡು, ಇನ್ನೊಂದು ಕಡೆ ಎಂಟು ಸೆಕೆಂಡು ಬಂದರೆ ಬಣ್ಣವೂ ಹಾಗೆಯೇ ಬರುತ್ತದೆ. ಎಲ್ಲ ಕಡೆ ಒಂದೇ ಸಮನಾಗಿ ನಾಲ್ಕು ಸೆಕೆಂಡು ಬಂದ ಬಟ್ಟೆ ಅದಕ್ಕಿಂತ ಎಷ್ಟೋ ವಾಸಿ.

ಬಣ್ಣದ ತೂಕವನ್ನು ಹೀಗೆ ಬೇಯಿಸಿ ಒಣಗಿಸಿದ ಬಟ್ಟೆಯ ತೂಕದ ಮೇಲೆಯೇ ಲೆಕ್ಕ ಹಾಕಿ. ಗಂಜಿ ಸಮೇತ ಕೋರಾ ತೂಕ ಹಿಡಿದರೆ ಪ್ರತಿ ಸಲವೂ ಛಾಯೆ ಬೇರೆಯಾಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಗಾಢ ಬಣ್ಣದಲ್ಲಿ ಸಾಸಿವೆಯಷ್ಟು ಸಣ್ಣ ಬಿಳಿ ಚುಕ್ಕೆಗಳು ಉಳಿದರೆ ನಿಮ್ಮ ಕೆಲಸವನ್ನು ದೂರಬೇಡಿ. ಅವು ಬಲಿಯದ ಹತ್ತಿ ಎಳೆಗಳು ಸಿಕ್ಕುಬಿದ್ದ ಗಂಟುಗಳು. ಗೋಡೆ ಬಲಿಯದ ಎಳೆ ಗಾಢವಾಗಿ ಕಾಣುವಷ್ಟು ಬಣ್ಣ ಹಿಡಿಯುವುದಿಲ್ಲ, ಎಷ್ಟು ಬೇಯಿಸಿದರೂ ಅಷ್ಟೆ.

ಪ್ರಶ್ನೆ: ಬಟ್ಟೆ ಬಿಳುಪಾಗಲು ಬ್ಲೀಚಿಂಗ್ ಪೌಡರ್ ಬಳಸುತ್ತೇವೆ. ಬೇಗ ಆಗಲೆಂದು ಸ್ವಲ್ಪ ವಿನೆಗರ್ ಹಾಕುವುದುಂಟು. ಅಂದು ಗಟ್ಟಿಯಾಗಿಯೇ ಇದ್ದ ಬಟ್ಟೆ, ಗಿರಾಕಿಗಳ ಮನೆಯಲ್ಲಿ ಮೊದಲ ಒಗೆತಕ್ಕೇ ಹರಿಯಿತು. ಕಾರಣವೇನು?
(ಉಡುಪು ತಯಾರಕರು, ದಾವಣಗೆರೆ)

ಉತ್ತರ: ವಿನೆಗರ್ ಹಾಕುವುದನ್ನು ಇಂದೇ ನಿಲ್ಲಿಸಿ. ಮೊದಲ ಅಪಾಯ ನಿಮಗೇ: ಬ್ಲೀಚಿಂಗ್ ಪೌಡರಿಗೆ ಹುಳಿ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಶ್ವಾಸಕೋಶವನ್ನು ಸುಡುತ್ತದೆ.

ಬಟ್ಟೆಯ ಕಥೆ ಪಿಎಚ್‌ಗೆ ಸಂಬಂಧಿಸಿದ್ದು. ಬ್ಲೀಚಿಂಗ್ ಪೌಡರಿನ ಹೈಪೋಕ್ಲೋರೈಟ್ ದ್ರಾವಣ ಪಿಎಚ್ 10ರ ಆಸುಪಾಸಿನಲ್ಲಿ ಬಣ್ಣವನ್ನು ತಿನ್ನುತ್ತದೆ, ಹತ್ತಿಯನ್ನು ಹೆಚ್ಚು ಮುಟ್ಟುವುದಿಲ್ಲ. ಪಿಎಚ್ 7ಕ್ಕೆ ಇಳಿದಾಗ ಹೈಪೋಕ್ಲೋರಸ್ ಆಮ್ಲ ಮತ್ತು ಹೈಪೋಕ್ಲೋರೈಟ್ ಎರಡೂ ಜೊತೆಗಿರುತ್ತವೆ. ಸೆಲ್ಯುಲೋಸ್ ಅತಿ ವೇಗವಾಗಿ ಕೆಡುವುದು ಆಗಲೇ. ನಿಮ್ಮ ವಿನೆಗರ್ ದ್ರಾವಣವನ್ನು ಎಳೆದು ತಂದು ನಿಲ್ಲಿಸುವುದು ಅಲ್ಲಿಗೇ. ಹೀಗೆ ಕೆಟ್ಟ ಹತ್ತಿಗೆ ಆಕ್ಸಿಸೆಲ್ಯುಲೋಸ್ ಎನ್ನುತ್ತಾರೆ. ಒಣಗಿಸಿ ಮಡಿಸಿದಾಗ ಅದು ಗಟ್ಟಿಯಾಗಿಯೇ ಕಾಣಬಹುದು. ಸರಪಳಿಗಳಲ್ಲಿ ಗಾಯವಾಗಿರುತ್ತದೆ, ಕೊಂಡಿ ಇನ್ನೂ ಪೂರ್ತಿ ಕಳಚಿರುವುದಿಲ್ಲ. ಗಿರಾಕಿಯ ಮನೆಯ ಬಿಸಿ ಡಿಟರ್ಜೆಂಟ್ ನೀರಿನ ಕ್ಷಾರ ತಾಗಿದೊಡನೆ ಗಾಯವಾದ ಕಡೆಯೆಲ್ಲ ಸರಪಳಿ ತುಂಡಾಗುತ್ತದೆ. ಅಂದು ಗಟ್ಟಿ, ಒಗೆದ ಮೇಲೆ ಚಿಂದಿ ಆಗುವುದು ಇದರಿಂದ. ಮುಂದೆ ಮಾಲು ಕಳಿಸುವ ಮೊದಲು ಒಂದು ತುಂಡನ್ನು ಲೀಟರಿಗೆ 5 ಗ್ರಾಂ ಸೋಡಾ ಆ್ಯಶ್ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಒಣಗಿಸಿ, ಕೈಯಿಂದ ಎಳೆದು ನೋಡಿ. ಕೆಟ್ಟದ್ದು ಅಂಗಡಿಯಲ್ಲೇ ಗೊತ್ತಾಗಲಿ.

ಸರಿಯಾದ ಕ್ರಮ ಹೀಗೆ. ಬೇಕಾದದ್ದು ಲೀಟರಿಗೆ 2 ಗ್ರಾಂ ಲಭ್ಯ ಕ್ಲೋರಿನ್ (ಪುಡಿಯಲ್ಲಿ ಬಿಳುಪು ಮಾಡಬಲ್ಲ ಭಾಗ), ಅಂದರೆ 20 ಲೀಟರಿಗೆ 40 ಗ್ರಾಂ. ಒಳ್ಳೆಯ ಬ್ಲೀಚಿಂಗ್ ಪೌಡರಿನಲ್ಲಿ ಅದು ಶೇ 30ರಷ್ಟು ಇರುವುದರಿಂದ ಸುಮಾರು 135 ಗ್ರಾಂ ಪುಡಿ ಬೇಕು. ಬಾಯಿ ತೆರೆದಿಟ್ಟ ಚೀಲದ ಹಳೆಯ ಪುಡಿಗೆ ಈ ಲೆಕ್ಕ ಹೊಂದುವುದಿಲ್ಲ. ಪುಡಿಯನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ನೀರಿಗೆ ಕದಡಿ, ಅಷ್ಟೇ ತೂಕದ ಸೋಡಾ ಆ್ಯಶನ್ನು ಬೇರೆ ನೀರಿನಲ್ಲಿ ಕರಗಿಸಿ ಸೇರಿಸಿ. ಸುಣ್ಣವೆಲ್ಲ ಬಿಳಿ ಗಷ್ಟಾಗಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಗಷ್ಟು ಬಟ್ಟೆಗೆ ತಾಗಿದರೆ ಆ ಜಾಗದಲ್ಲಿ ಕ್ಲೋರಿನ್ ಹೆಚ್ಚಾಗಿ ತೂತು ಬೀಳುತ್ತದೆ. ಬೆಂದ, ಗಂಜಿ ಹೋದ ಬಟ್ಟೆಯನ್ನು ನೆರಳಿನಲ್ಲಿ, ಈ ತಿಳಿ ಬೆರೆಸಿದ ತಣ್ಣೀರಿನಲ್ಲಿ, ಒಂದು ಗಂಟೆಯಷ್ಟು ಹೊತ್ತು ಆಗಾಗ ತಿರುವುತ್ತ ಇಡಿ. ಬೇಸಿಗೆಯ ಬಿಸಿಲಿಗಿಟ್ಟ ತೊಟ್ಟಿಯಲ್ಲಿ ನೀರು 10 ಡಿಗ್ರಿ ಏರಿದರೂ ಕ್ರಿಯೆಯ ವೇಗ ಇಮ್ಮಡಿಯಾಗುತ್ತದೆ. ಚೆನ್ನಾಗಿ ಜಾಲಿಸಿದ ಮೇಲೆ ಲೀಟರಿಗೆ 2 ಗ್ರಾಂ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಕರಗಿಸಿದ ನೀರಿನಲ್ಲಿ 15 ನಿಮಿಷ ಅದ್ದಿದರೆ ಎಳೆಯೊಳಗೆ ಉಳಿದ ಕ್ಲೋರಿನ್ ಸಾಯುತ್ತದೆ. ಈ ನೀರಿಗೂ ಹುಳಿ ಸೇರಿಸಬೇಡಿ, ಗಂಧಕ ಒಡೆದು ಬಟ್ಟೆಗೆ ಕೂರುತ್ತದೆ.

ಇಷ್ಟು ಹೇಳಿದ ಮೇಲೂ ನಮ್ಮ ಸಲಹೆ ಬ್ಲೀಚಿಂಗ್ ಪೌಡರ್ ಬಿಟ್ಟು ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಎಂಬುದೇ. ಖರ್ಚು ಸ್ವಲ್ಪ ಹೆಚ್ಚು, ಬಿಳುಪು ಹೆಚ್ಚು ಕಾಲ ನಿಲ್ಲುತ್ತದೆ, ಕೆಲಸಗಾರರ ಮೂಗು ಉರಿಯುವುದಿಲ್ಲ. 20 ಲೀಟರಿಗೆ ಶೇ 50ರ ಪೆರಾಕ್ಸೈಡ್ 80 ಮಿ.ಲೀ., ಸೋಡಿಯಂ ಸಿಲಿಕೇಟ್ 50 ಗ್ರಾಂ, ಕಾಸ್ಟಿಕ್ 20 ಗ್ರಾಂ. ಪಿಎಚ್ 10.5ರಿಂದ 11, ಶಾಖ 90ರಿಂದ 95 ಡಿಗ್ರಿ, ಅವಧಿ ಒಂದು ಗಂಟೆ. ಸಿಲಿಕೇಟ್ ಇಲ್ಲದೆ ಹೋದರೆ ಪೆರಾಕ್ಸೈಡ್ ಬಟ್ಟೆಗೆ ಕೆಲಸ ಮಾಡುವ ಮುನ್ನವೇ ನೊರೆಗಟ್ಟಿ ವ್ಯರ್ಥವಾಗುತ್ತದೆ. ಇದರ ಶತ್ರು ಕಬ್ಬಿಣ. ಬೋರ್‌ವೆಲ್ ನೀರಿನ ತುಕ್ಕಾಗಲಿ, ಮಗ್ಗದಿಂದ ಬಂದ ಕಬ್ಬಿಣದ ಕಣವಾಗಲಿ ಎಳೆಗೆ ಅಂಟಿದ್ದರೆ ಆ ಬಿಂದುವಿನಲ್ಲಿ ಪೆರಾಕ್ಸೈಡ್ ವಿಪರೀತ ವೇಗದಲ್ಲಿ ಒಡೆದು ಸೂಜಿಮೊನೆಯಷ್ಟು ತೂತು ಮಾಡುತ್ತದೆ. ತುಕ್ಕಿನ ಕಲೆ ಕಂಡರೆ ಮೊದಲೇ ಲೀಟರಿಗೆ 3 ಗ್ರಾಂ ಆಕ್ಸಾಲಿಕ್ ಆಮ್ಲದ ಬೆಚ್ಚನೆಯ ನೀರಿನಲ್ಲಿ ಅದ್ದಿ, ಹಲವು ಸಲ ಜಾಲಿಸಿ. ಆಕ್ಸಾಲಿಕ್ ಆಮ್ಲ ವಿಷ, ಮಕ್ಕಳ ಕೈಗೆ ಸಿಗಬಾರದು. ಶೇ 50ರ ಪೆರಾಕ್ಸೈಡ್ ತಾಗಿದರೆ ಚರ್ಮ ಬೆಳ್ಳಗಾಗಿ ಉರಿಯುತ್ತದೆ. ಕೈಗವಸು, ಕನ್ನಡಕ ಎರಡೂ ಬೇಕು. ಆ ಬಟ್ಟೆಗೆ ಬಣ್ಣ ಹಾಕುವುದಿದ್ದರೆ ಬಿಸಿನೀರಿನಲ್ಲಿ ಎರಡು ಸಲ ಜಾಲಿಸಿ, ಉಳಿದ ಪೆರಾಕ್ಸೈಡ್ ಕೆಲವು ರಿಯಾಕ್ಟಿವ್ ಬಣ್ಣಗಳನ್ನು ಕೊಲ್ಲುತ್ತದೆ.

ಪ್ರಶ್ನೆ: ಹಿಂದೆ ಮಡಿವಾಳರು ಉಬ್ಬೆ ಹಾಕಿ ತಂದ ಬಟ್ಟೆಯ ಬಿಳುಪು ಈಗಿನ ಪುಡಿಗಳಿಂದ ಬರುವುದಿಲ್ಲವಲ್ಲ, ಅದರಲ್ಲಿ ಏನಿತ್ತು?
(ನಿವೃತ್ತ ಶಿಕ್ಷಕರು, ತುಮಕೂರು)

ಉತ್ತರ: ಮೇಲೆ ಹೇಳಿದ ಎರಡು ಕೆಲಸಗಳೇ ಅದರಲ್ಲಿದ್ದವು. ಚೌಳು ಮಣ್ಣಿನಲ್ಲಿ ಸೋಡಿಯಂ ಕಾರ್ಬೊನೇಟ್, ಬೈಕಾರ್ಬೊನೇಟ್ ಇರುತ್ತವೆ. ಚೌಳಿನ ತಿಳಿಯಲ್ಲಿ ಅದ್ದಿದ ಬಟ್ಟೆಯನ್ನು ಉಬ್ಬೆಯ ಹಬೆಯಲ್ಲಿ ಗಂಟೆಗಟ್ಟಲೆ ಬೇಯಿಸಿದಾಗ ಮೈಯೆಣ್ಣೆ, ಜಿಡ್ಡು ಸಾಬೂನಾಗಿ ಕರಗಿ ಹೊರಬರುತ್ತಿತ್ತು. ಆಮೇಲೆ ಹೊಳೆದಂಡೆಯ ಹುಲ್ಲಿನ ಮೇಲೆ ಹರಡುವುದು. ಬಿಸಿಲು, ತೇವ, ಗಾಳಿಯ ಆಮ್ಲಜನಕ ಮೂರೂ ಸೇರಿ ಹಳದಿ ಛಾಯೆಯನ್ನು ಮೆಲ್ಲಗೆ ತಿನ್ನುತ್ತವೆ. ಯುರೋಪಿನಲ್ಲೂ 18ನೇ ಶತಮಾನದ ಕೊನೆಯವರೆಗೆ ಬಟ್ಟೆ ಬಿಳುಪಾಗುತ್ತಿದ್ದುದು ಹುಲ್ಲುಗಾವಲಿನಲ್ಲೇ, ಹುಳಿಮಜ್ಜಿಗೆಯಲ್ಲಿ ಅದ್ದಿ ತಿಂಗಳುಗಟ್ಟಲೆ. 1785ರಲ್ಲಿ ಫ್ರಾನ್ಸಿನ ಬರ್ತೊಲೆ ಕ್ಲೋರಿನ್ ಬಳಕೆಯನ್ನು ತೋರಿಸಿಕೊಟ್ಟ, 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಬ್ಲೀಚಿಂಗ್ ಪೌಡರಿಗೆ ಪೇಟೆಂಟ್ ಪಡೆದ. ಆಮೇಲೆ ತಿಂಗಳುಗಳ ಕೆಲಸ ದಿನಗಳಿಗೆ ಇಳಿಯಿತು.

ಈಗಿನ ಪುಡಿಗಳಲ್ಲಿ ಕಾಣುವ ಹೊಳಪಿನ ದೊಡ್ಡ ಪಾಲು ಆಪ್ಟಿಕಲ್ ಬ್ರೈಟ್ನರಿನದು. ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುವ ವಸ್ತು ಅದು. ಕೊನೆಯ ಜಾಲಿಕೆಗೆ ಹಾಕುವ ನೀಲಿಯೂ ಹಳದಿಯನ್ನು ಮರೆಮಾಡುತ್ತದೆಯೇ ಹೊರತು ತೆಗೆಯುವುದಿಲ್ಲ. ಮನೆಯಲ್ಲಿ ಬಿಳಿ ಪಂಚೆ, ದಿಂಬಿನ ಚೀಲಗಳನ್ನು ಲೀಟರಿಗೆ 5 ಗ್ರಾಂ ಸೋಡಾ ಆ್ಯಶ್ ಹಾಕಿ ಒಂದು ಗಂಟೆ ಕುದಿಸಿ, ಒದ್ದೆಯಾಗಿಯೇ ಬಿಸಿಲಿಗೆ ಹರಡಿ, ಒಣಗುತ್ತ ಬಂದಂತೆ ನೀರು ಚಿಮುಕಿಸುತ್ತ ಹೋದರೆ ಹಳೆಯ ಬಿಳುಪು ಬಹುಮಟ್ಟಿಗೆ ಬರುತ್ತದೆ.

ಪ್ರಶ್ನೆ: ಪಂಚೆ ಮತ್ತು ಕಸೂತಿ ದಾರದ ಮೇಲೆ ‘ಮರ್ಸರೈಸ್ಡ್’ ಎಂದಿರುತ್ತದೆ. ಮನೆಯಲ್ಲೇ ಮಾಡಬಹುದೇ?
(ಕಸೂತಿ ಕಲಿಯುತ್ತಿರುವ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಮಾಡಬಾರದು. ಹತ್ತಿಯನ್ನು ಗಟ್ಟಿ ಕಾಸ್ಟಿಕ್ ದ್ರಾವಣಕ್ಕೆ ಒಡ್ಡಿ ಹೊಳಪು ತರುವ ಆ ಕೆಲಸಕ್ಕೆ ಬೇಕಾದದ್ದು ಲೀಟರಿಗೆ 250ರಿಂದ 300 ಗ್ರಾಂ ಕಾಸ್ಟಿಕ್ ಸೋಡಾ. ಬೇಯಿಸುವಾಗ ಹೇಳಿದ ಪ್ರಮಾಣದ ನೂರು ಪಟ್ಟಿಗೂ ಹೆಚ್ಚು. ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು.

ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಗಟ್ಟಿ ಕಾಸ್ಟಿಕ್ ದ್ರಾವಣವನ್ನು ಹತ್ತಿ ಬಟ್ಟೆಯಲ್ಲಿ ಸೋಸುವಾಗ ಬಟ್ಟೆ ದಪ್ಪಗಾಗಿ ಕುಗ್ಗಿದ್ದನ್ನು ಗಮನಿಸಿದ, 1850ರಲ್ಲಿ ಪೇಟೆಂಟ್ ಪಡೆದ. ಬಟ್ಟೆ ಗಟ್ಟಿಯಾಯಿತು, ಬಣ್ಣ ಚೆನ್ನಾಗಿ ಹಿಡಿಯಿತು. ಆದರೆ ಬಹಳ ಕುಗ್ಗುತ್ತಿದ್ದುದರಿಂದ ಉದ್ಯಮ ಅದನ್ನು ಒಪ್ಪಲಿಲ್ಲ. ಸುಮಾರು 1890ರಲ್ಲಿ ಹೊರೇಸ್ ಲೋ ಎಂಬಾತ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದೇ ಕಾಸ್ಟಿಕ್ಕಿಗೆ ಒಡ್ಡಿ, ಬಿಗಿ ಬಿಡದೆಯೇ ತೊಳೆದಾಗ ರೇಷ್ಮೆಯಂಥ ಹೊಳಪು ಬಂತು. ಹುರುಳಿಕಾಯಿಯ ಬೀಜದಂತೆ ಚಪ್ಪಟೆಯಾಗಿ, ತಿರುಚಿಕೊಂಡಿದ್ದ ಎಳೆ ಉಬ್ಬಿ ದುಂಡಗಾಗಿ ನೆಟ್ಟಗಾಗುತ್ತದೆ. ಬೆಳಕು ಚದುರದೆ ಒಂದೇ ದಿಕ್ಕಿಗೆ ಹೊಮ್ಮುತ್ತದೆ. ಕಾರ್ಖಾನೆಯಲ್ಲಿ ಇಡೀ ಕ್ರಿಯೆ 15ರಿಂದ 20 ಡಿಗ್ರಿಯ ತಣ್ಣನೆಯ ದ್ರಾವಣದಲ್ಲಿ ಒಂದು ನಿಮಿಷದೊಳಗೆ ಮುಗಿಯುತ್ತದೆ.

ನಿಮ್ಮ ದಾರ ನಿಜವಾಗಿಯೂ ಮರ್ಸರೈಸ್ ಆದದ್ದೇ ಎಂದು ತಿಳಿಯಲು ಅದರದೊಂದು ತುಂಡನ್ನೂ ಅಷ್ಟೇ ದಪ್ಪದ ಸಾಮಾನ್ಯ ಬಿಳಿ ದಾರವನ್ನೂ ಒಂದೇ ಬಣ್ಣದ ನೀರಿನಲ್ಲಿ ಒಟ್ಟಿಗೆ ಅದ್ದಿ. ಮರ್ಸರೈಸ್ ಆದದ್ದು ಸ್ಪಷ್ಟವಾಗಿ ಗಾಢವಾಗುತ್ತದೆ.

ಪ್ರಶ್ನೆ: ಅಳಲೆಕಾಯಿ ಮತ್ತು ಪಟಿಕ ಬಳಸಿ ಮಂಜಿಷ್ಠದ ಕೆಂಪು ಹಾಕುತ್ತೇವೆ. ಒಗೆದಾಗ ಬಣ್ಣ ಇಳಿಯುತ್ತದೆ. ಅಚ್ಚು ಹಾಕಿದ ಕಪ್ಪು ಗೆರೆಗಳ ಅಂಚು ಹರಡಿಕೊಳ್ಳುತ್ತದೆ.
(ನೈಸರ್ಗಿಕ ಬಣ್ಣಗಾರರು, ಶಿರಸಿ)

ಉತ್ತರ: ಹತ್ತಿಗೆ ಪಟಿಕವನ್ನು ಹಿಡಿದುಕೊಳ್ಳುವ ಶಕ್ತಿ ತಾನಾಗಿ ಇಲ್ಲ. ಅಳಲೆಯಲ್ಲಿರುವ ಒಗರು ವಸ್ತು, ಟ್ಯಾನಿನ್, ನಡುವೆ ನಿಂತು ಎರಡನ್ನೂ ಕೂಡಿಸುತ್ತದೆ. ಆದ್ದರಿಂದ ಅಳಲೆ ಮೊದಲು, ಪಟಿಕ ಆಮೇಲೆ. ಒಂದು ಕೆ.ಜಿ. ಬೆಂದ ಬಟ್ಟೆಗೆ ಅಳಲೆ ಪುಡಿ 200 ಗ್ರಾಂ, ರಾತ್ರಿ ನೆನೆಸಿ, ಸೋಸಿ. ಆ ನೀರಿನಲ್ಲಿ ಬಟ್ಟೆಯನ್ನು ಕೆಲವು ಗಂಟೆ ಅದ್ದಿ, ಹಿಂಡಿ, ಜಾಲಿಸದೆ ನೆರಳಿನಲ್ಲಿ ಒಣಗಿಸಿ. ಒಣಗಿದ ಮೇಲೆ ಪಟಿಕ 150 ಗ್ರಾಂ ಬಿಸಿನೀರಿನಲ್ಲಿ ಕರಗಿಸಿ, ಅದಕ್ಕೆ 15ರಿಂದ 20 ಗ್ರಾಂ ಸೋಡಾ ಆ್ಯಶನ್ನು ಚಿಟಿಕೆ ಚಿಟಿಕೆಯಾಗಿ ಸೇರಿಸಿ. ನೊರೆ ಉಕ್ಕುತ್ತದೆ, ಪಾತ್ರೆ ದೊಡ್ಡದಿರಲಿ. ಹುಳಿ ತಗ್ಗಿದ ಪಟಿಕ ಎಳೆಗೆ ಚೆನ್ನಾಗಿ ಕೂರುತ್ತದೆ. ಅದ್ದಿ, ಹಿಂಡಿ, ಪೂರ್ತಿ ಒಣಗಿಸಿ, ಒಂದೆರಡು ದಿನ ಬಿಟ್ಟು, ಆಮೇಲೆ ಸಡಿಲ ಪಟಿಕವೆಲ್ಲ ಹೋಗುವಂತೆ ಜಾಲಿಸಿ ಬಣ್ಣಕ್ಕೆ ಹಾಕಿ. ಈ ಕೊನೆಯ ಜಾಲಿಕೆ ತಪ್ಪಿದರೆ ಸಡಿಲ ಪಟಿಕ ಬಣ್ಣದ ಪಾತ್ರೆಯಲ್ಲಿ ಮಂಜಿಷ್ಠದ ಜೊತೆ ಕೂಡಿ, ಬಟ್ಟೆಯ ಮೇಲ್ಮೈಗಷ್ಟೇ ಮೆತ್ತಿಕೊಳ್ಳುತ್ತದೆ. ಒಗೆದಾಗ ಇಳಿಯುವುದು ಅದೇ.

ಅಂಚು ಹರಡುವುದಕ್ಕೆ ಆಂಧ್ರದ ಕಲಂಕಾರಿಯವರ ಉಪಾಯವಿದೆ: ಅಳಲೆಯ ನೀರಿಗೆ ಎಮ್ಮೆಯ ಹಾಲು ಬೆರೆಸುತ್ತಾರೆ. ಹಾಲಿನ ಕೊಬ್ಬು, ಪ್ರೋಟೀನು ಎಳೆಗಳ ಸಂದಿಯಲ್ಲಿ ಕೂತು ಗೆರೆಯನ್ನು ಇದ್ದಲ್ಲೇ ನಿಲ್ಲಿಸುತ್ತವೆ. ಬೆಲ್ಲದ ನೀರಿನಲ್ಲಿ ತುಕ್ಕು ಕಬ್ಬಿಣ ಕೊಳೆಸಿ ಮಾಡುವ ಕಪ್ಪಿನ ರಸ ಅಳಲೆ ಹಾಕಿದ ಬಟ್ಟೆಗೆ ತಾಗಿದೊಡನೆ ಕಪ್ಪಾಗುತ್ತದೆ. ಇನ್ನಷ್ಟು ಕಪ್ಪಾಗಲೆಂದು ರಸವನ್ನು ಗಟ್ಟಿ ಮಾಡಬೇಡಿ. ಕಬ್ಬಿಣ ಮತ್ತು ಟ್ಯಾನಿನ್ ಸೇರಿದ ಕಪ್ಪು ವರ್ಷಗಳು ಕಳೆದಂತೆ ಹತ್ತಿಯನ್ನು ಕೊರೆಯುತ್ತದೆ. ಹಳೆಯ ಅಚ್ಚಿನ ಬಟ್ಟೆಗಳಲ್ಲಿ ಕಪ್ಪು ಗೆರೆಗಳೇ ಮೊದಲು ಸವೆದು ಉದುರುವುದು ಇದರಿಂದ.

ಪ್ರಶ್ನೆ: ಹೊಸ ಟರ್ಕಿ ಟವೆಲ್ ನೀರನ್ನೇ ಹೀರುವುದಿಲ್ಲ.
(ಗೃಹಿಣಿ, ಹಾಸನ)

ಉತ್ತರ: ಅಂಗಡಿಯಲ್ಲಿ ಮೆತ್ತಗೆ ಅನ್ನಿಸಲೆಂದು ಹಚ್ಚಿದ ಸಾಫ್ಟ್‌ನರ್ ಅದು. ಲೀಟರಿಗೆ 5 ಗ್ರಾಂ ಸೋಡಾ ಆ್ಯಶ್, ಸ್ವಲ್ಪ ಡಿಟರ್ಜೆಂಟ್ ಹಾಕಿದ 60 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆಯಿರಿ, ಬೇಕಾದರೆ ಎರಡು ಸಲ. ಒಗೆಯುವಾಗ ಫ್ಯಾಬ್ರಿಕ್ ಕಂಡಿಷನರ್ ಹಾಕುವ ಅಭ್ಯಾಸವಿದ್ದರೆ ಟವೆಲ್‌ಗಳಿಗೆ ಮಾತ್ರ ಬೇಡ.

ಪ್ರಶ್ನೆ: ಇಳಕಲ್ ಸೀರೆಯ ಬಣ್ಣ ನಿಲ್ಲಲು ಉಪ್ಪುನೀರಿನಲ್ಲಿ ನೆನೆಸಬೇಕು ಎನ್ನುತ್ತಾರೆ. ನಿಜವೇ?
(ಓದುಗರು, ಪುಣೆ)

ಉತ್ತರ: ಬಣ್ಣ ಹಾಕುವ ಹೊತ್ತಿನಲ್ಲಿ ಉಪ್ಪಿಗೆ ಕೆಲಸವಿದೆ, ಬಣ್ಣವನ್ನು ನೀರಿನಿಂದ ಎಳೆಯ ಕಡೆಗೆ ದೂಡುತ್ತದೆ. ಬಣ್ಣ ಹಾಕಿ ಮುಗಿದ ಸೀರೆಗೆ ಅದು ಹೊಸ ಬಂಧ ಕೊಡಲಾರದು. ಉಪ್ಪುನೀರಿನಲ್ಲಿ ಇದ್ದಷ್ಟು ಹೊತ್ತು ಬಣ್ಣ ಸ್ವಲ್ಪ ಕಡಿಮೆ ಬಿಡಬಹುದು, ಮುಂದಿನ ಒಗೆತದಲ್ಲಿ ಮತ್ತೆ ಬಿಡುತ್ತದೆ. ಮೊದಲ ಕೆಲವು ಸಲ ಬೇರೆಯಾಗಿ, ತಣ್ಣೀರಿನಲ್ಲಿ, ನೆನೆಹಾಕದೆ ಬೇಗ ಒಗೆದು ನೆರಳಿನಲ್ಲಿ ಹರಡಿ.

ಇನ್ನೊಂದು ಮಾತು. ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲು ಹತ್ತಿಯದಿದ್ದರೂ ಸೆರಗು ರೇಷ್ಮೆಯದಾಗಿರುತ್ತದೆ. ಈ ಅಂಕಣದಲ್ಲಿ ಹತ್ತಿಗೆಂದು ಹೇಳಿದ ಕಾಸ್ಟಿಕ್, ಸೋಡಾ, ಬ್ಲೀಚಿಂಗ್ ಯಾವುದನ್ನೂ ಅದಕ್ಕೆ ತಾಗಿಸಬೇಡಿ. ಬಿಸಿ ಕಾಸ್ಟಿಕ್ಕಿನಲ್ಲೂ ಕ್ಲೋರಿನ್ ಬ್ಲೀಚಿನಲ್ಲೂ ರೇಷ್ಮೆ ಕರಗಿಯೇ ಹೋಗುತ್ತದೆ.

ಪ್ರಶ್ನೆ: ಇಸ್ತ್ರಿ ಬೇಡದ ಹತ್ತಿ ಅಂಗಿಗಳು ಕಾಲರ್ ಮಡಿಕೆಯಲ್ಲಿ ಬೇಗ ಹರಿಯುವುದೇಕೆ?
(ಬ್ಯಾಂಕ್ ಉದ್ಯೋಗಿ, ಬೆಂಗಳೂರು)

ಉತ್ತರ: ಸುಕ್ಕಾಗದಿರಲು ಅಂಥ ಬಟ್ಟೆಗೆ ರಾಳ ಹಾಕಿ, 150 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ನಿಮಿಷ ಕಾಯಿಸಿ, ಸೆಲ್ಯುಲೋಸ್ ಸರಪಳಿಗಳ ನಡುವೆ ಅಡ್ಡ ಕೊಂಡಿ ಹಾಕಿರುತ್ತಾರೆ. ಸರಪಳಿಗಳು ಜಾರದಿದ್ದರೆ ಸುಕ್ಕು ನಿಲ್ಲುವುದಿಲ್ಲ. ಜಾರಲಾರದ ಎಳೆಗೆ ಎಳೆತವನ್ನು ಹಂಚಿಕೊಳ್ಳಲೂ ಆಗುವುದಿಲ್ಲ, ಹಾಗಾಗಿ ಬಲದಲ್ಲಿ ಶೇ 30ರಿಂದ 50ರವರೆಗೂ ನಷ್ಟವಾಗಬಹುದು. ಉಜ್ಜುವ ಮಡಿಕೆಗಳಲ್ಲಿ ಅದು ಮೊದಲು ಕಾಣಿಸುತ್ತದೆ. ಇಂಥ ಅಂಗಿಗೆ ಕ್ಲೋರಿನ್ ಬ್ಲೀಚ್ ಬೇಡ. ಕೆಲವು ರಾಳಗಳು ಕ್ಲೋರಿನ್ನನ್ನು ಹಿಡಿದಿಟ್ಟುಕೊಂಡು, ಇಸ್ತ್ರಿಯ ಶಾಖಕ್ಕೆ ಆಮ್ಲ ಬಿಟ್ಟು ಬಟ್ಟೆಯನ್ನು ಹಳದಿ ಮಾಡಿ ಕೆಡಿಸುತ್ತವೆ. ಹಲವು ರಾಳಗಳಿಂದ ಫಾರ್ಮಾಲ್ಡಿಹೈಡ್ ಅಲ್ಪ ಪ್ರಮಾಣದಲ್ಲಿ ಹೊರಬರುತ್ತದೆ, ಹೊಸ ಅಂಗಿಯನ್ನು ತೊಡುವ ಮೊದಲು ಒಮ್ಮೆ ಒಗೆಯಿರಿ.

ಪ್ರಶ್ನೆ: ಶಾಲೆಯ ನಾಟಕದ ಹತ್ತಿ ಪರದೆಗಳಿಗೆ ಬೆಂಕಿ ಹತ್ತದಂತೆ ಮಾಡುವ ಸುಲಭ ವಿಧಾನ ಇದೆಯೇ?
(ರಂಗಶಿಕ್ಷಕರು, ಶಿವಮೊಗ್ಗ)

ಉತ್ತರ: ಇದೆ. ಬೋರಾಕ್ಸ್ 7 ಪಾಲು, ಬೋರಿಕ್ ಆಮ್ಲ 3 ಪಾಲು. ಒಂದು ಲೀಟರ್ ಬಿಸಿನೀರಿಗೆ 70 ಮತ್ತು 30 ಗ್ರಾಂ. ಬೋರಾಕ್ಸ್ ಜ್ವಾಲೆಯನ್ನು ತಡೆಯುತ್ತದೆ, ಬೋರಿಕ್ ಆಮ್ಲ ಜ್ವಾಲೆ ಆರಿದ ಮೇಲೆ ಕೆಂಡದಂತೆ ಹರಡುವುದನ್ನು ತಡೆಯುತ್ತದೆ. ಒಂದನ್ನೇ ಹಾಕಿದರೆ ಅರ್ಧ ಕೆಲಸ. ಪರದೆಯಲ್ಲಿ ಗಂಜಿ, ಮೇಣ ಇದ್ದರೆ ದ್ರಾವಣ ಒಳಗಿಳಿಯುವುದಿಲ್ಲ, ಆದ್ದರಿಂದ ಮೊದಲ ಪ್ರಶ್ನೆಯ ನೀರಿನ ಹನಿಯ ಪರೀಕ್ಷೆ ಇಲ್ಲೂ ಮಾಡಿ. ಪೂರ್ತಿ ನೆನೆಸಿ, ಒಂದು ಕೆ.ಜಿ. ಬಟ್ಟೆ ಹಿಂಡಿದ ಮೇಲೆ 1.8ರಿಂದ 1.9 ಕೆ.ಜಿ. ತೂಗುವಂತಿರಲಿ. ಆಗ ಬಟ್ಟೆಯ ತೂಕದ ಸುಮಾರು ಶೇ 8ರಷ್ಟು ಲವಣ ಉಳಿಯುತ್ತದೆ. ಜೋರಾಗಿ ಹಿಂಡಿದರೆ ಅದೂ ಹರಿದುಹೋಗುತ್ತದೆ. ನೇತುಹಾಕಿ ಒಣಗಿಸಿದರೆ ದ್ರಾವಣ ಕೆಳಗಿಳಿದು ಮೇಲಿನ ಭಾಗ ಬರಿದಾಗುತ್ತದೆ, ನೆಲದ ಮೇಲೆ ಹರಡಿಯೇ ಒಣಗಿಸಿ. ಕೈಗವಸು ಹಾಕಿಕೊಳ್ಳಿ, ಈ ಕೆಲಸಕ್ಕೆ ಮಕ್ಕಳನ್ನು ಸೇರಿಸಬೇಡಿ.

ಪರದೆಯ ಮೇಲಂಚಿನಿಂದ ಒಂದು ಪಟ್ಟಿ ಕತ್ತರಿಸಿ, ಬಯಲಿನಲ್ಲಿ, ಬಕೆಟ್ ನೀರು ಪಕ್ಕದಲ್ಲಿಟ್ಟುಕೊಂಡು, ಇಕ್ಕಳದಲ್ಲಿ ನೇರವಾಗಿ ತೂಗಿ ಹಿಡಿದು ಕೆಳತುದಿಗೆ 12 ಸೆಕೆಂಡು ಬೆಂಕಿ ತೋರಿಸಿ. ಬೆಂಕಿ ತೆಗೆದೊಡನೆ ಜ್ವಾಲೆ ಆರಬೇಕು, ಕರಿದಾದ ಭಾಗ ಮೇಲಕ್ಕೆ ಹಬ್ಬಬಾರದು. ಹಬ್ಬಿದರೆ ಒಣಗಿದ ಪರದೆಯನ್ನು ಮತ್ತೊಮ್ಮೆ ಅದ್ದಿ. ಇದು ನೀರಿಗೆ ಕರಗುವ ಲವಣ: ಒಂದು ಒಗೆತ ಅಥವಾ ಒಂದು ಮಳೆ ಸಾಕು, ಎಲ್ಲ ಹೋಗುತ್ತದೆ. ಮಲೆನಾಡಿನ ಮಳೆಗಾಲ ಕಳೆದ ಮೇಲೆ, ಪ್ರತಿ ಪ್ರದರ್ಶನ ಸರಣಿಗೆ ಮುಂಚೆ ಪಟ್ಟಿಯ ಪರೀಕ್ಷೆ ಮತ್ತೆ ಮಾಡಿ. ಪಾಲಿಯೆಸ್ಟರ್ ಬೆರೆತ ಪರದೆಗೆ ಈ ದ್ರಾವಣವನ್ನು ನಂಬಬೇಡಿ, ಕರಗಿ ತೊಟ್ಟಿಕ್ಕುವ ಆ ಬಟ್ಟೆಗೆ ಬೇರೆಯೇ ರಾಸಾಯನಿಕ ಬೇಕು.